ಜಾರುವ ಕಾರು ಕೊಂಡ ಅಳಿಯನಿಗೆ

ಕಳೆದ ತಿಂಗಳ ಕೊನೆಯ ಭಾನುವಾರ ಹಾಸನದಿಂದ ಅಕ್ಕ ಫೋನು ಮಾಡಿದ್ದಳು. ಆಖೆನ್‌ನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ಅವಳ ಮಗ ಇಪ್ಪತ್ತು ವರ್ಷ ಹಳೆಯದಾದ ಕಾರೊಂದನ್ನು ಕೊಂಡಿದ್ದಾನೆ. ಅದರ ಮುಂದೆ ಕೈಕಟ್ಟಿ ನಿಂತ ಅವನ ಫೋಟೊ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಲೇ ಹರಿದಾಡಿ, ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಹೂಗುಚ್ಛದ ಚಿತ್ರಗಳನ್ನು ಕಳುಹಿಸಿ ಮುಗಿಸಿದ್ದರು. "ಅದು ಹಿಂದಿನ ಚಕ್ರದಿಂದ ಓಡೋ ಕಾರಂತೆ ಕಣೋ. ಡ್ರಿಫ್ಟ್ ಮಾಡೋಕೆ ಅದೇ ಒಳ್ಳೇದಂತೆ. ಹಾಗಂದ್ರೇನು?" ಎಂದಳು ಅಕ್ಕ. ಕಾರನ್ನು ಬೇಕೆಂದೇ ಅಡ್ಡಡ್ಡ ಜಾರಿಸುವುದು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಆಮೇಲೆ ಅವಳು ಹೇಳಿದ್ದು ಒಂದೇ ಮಾತು: "ಮಾರಿಬಿಡು ಅಂತ ನೀನೇ ಹೇಳು." ನಾನು ಹಾಗೆ ಹೇಳಲಿಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರು ತನ್ನಷ್ಟಕ್ಕೆ ಅಪಾಯಕಾರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅಳಿಯನ ಉತ್ಸಾಹವನ್ನೂ ಇದ್ದಂತೆ ಒಪ್ಪಲಾರೆ. ಮೊಬೈಲಿನ ವಿಡಿಯೊಗಳಲ್ಲಿ ಕಾಣುವುದು ಸ್ಟೀರಿಂಗ್ ಮೇಲಿನ ಕೈ ಮತ್ತು ಟೈರಿನ ಹೊಗೆ ಮಾತ್ರ. ಕಾರು ಜಾರಬೇಕೋ ಬೇಡವೋ, ಜಾರಿದರೆ ಹಿಡಿತಕ್ಕೆ ಮರಳುತ್ತದೆಯೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಕಾರಿನ ಹೊಟ್ಟೆಯ ಕೆಳಗೆ, ಯಾವ ಕ್ಯಾಮೆರಾವೂ ತಿರುಗದ ಜಾಗದಲ್ಲಿ. ಅಲ್ಲಿ ಚಕ್ರಗಳನ್ನು ಹೇಗೆ ತೂಗುಹಾಕಿದ್ದಾರೆ, ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹೇಗೆ ಹಂಚಿದ್ದಾರೆ ಎಂಬೆರಡು ಸಂಗತಿಗಳನ್ನು ತಿಳಿಯದೆ ಇಂಥ ಕಾರನ್ನು ಕೊಳ್ಳಬಾರದೆಂಬುದು ನನ್ನ ವಾದ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಸ್ಟುಟ್‌ಗಾರ್ಟ್‌ಗೆ ಬಂದ ಮೂರನೆಯ ವರ್ಷ ನಾನೂ ಅಂಥದ್ದೇ ಒಂದು ಹಳೆಯ ಕಾರು ಕೊಂಡಿದ್ದೆ. ನವೆಂಬರ್ ತಿಂಗಳ ಸಂಜೆ, ತುಂತುರು ಮಳೆ, ರಸ್ತೆಯ ಮೇಲೆ ಉದುರಿದ ಎಲೆಗಳು. ಆಟೊಬಾನ್‌ನಿಂದ ಹೊರಬರುವ ತಿರುವು ಒಳಗೆ ಹೋದಂತೆ ಬಿಗಿಯಾಗುತ್ತಿತ್ತು. ವೇಗ ಹೆಚ್ಚಾಯಿತೆನ್ನಿಸಿ ಎಕ್ಸಲರೇಟರ್‌ನಿಂದ ಥಟ್ಟನೆ ಕಾಲು ತೆಗೆದೆ. ಯಾರಾದರೂ ಮಾಡುವುದು ಅದನ್ನೇ. ಮರುಕ್ಷಣ ಕಾರಿನ ಹಿಂಭಾಗ ಹೊರಕ್ಕೆ ಸರಿಯಿತು. ನಾನು ಸ್ಟೀರಿಂಗನ್ನು ತಡವಾಗಿ ತಿರುಗಿಸಿದೆ, ಅದೂ ಅಗತ್ಯಕ್ಕಿಂತ ಹೆಚ್ಚು. ಒಂದು ಸುತ್ತು ತಿರುಗಿ, ಕಂಬಿಬೇಲಿಗೆ ಒರಗಿ, ಬಂದ ದಾರಿಗೇ ಮುಖಮಾಡಿ ಕಾರು ನಿಂತಿತು. ಹಿಂದೆ ಬರುತ್ತಿದ್ದ ಲಾರಿಯವನು ದೂರದಲ್ಲಿಯೇ ಕಂಡು ನಿಲ್ಲಿಸಿದ್ದರಿಂದ ಈ ಲೇಖನ ಬರೆಯಲು ನಾನಿದ್ದೇನೆ. ಮನೆಗೆ ಫೋನು ಮಾಡಿ ಈ ಸಂಗತಿ ಹೇಳಲಿಲ್ಲ. ಅಕ್ಕ ಇದನ್ನು ಇಲ್ಲಿಯೇ ಮೊದಲು ಓದುತ್ತಿದ್ದಾಳೆ.

ಗ್ಯಾರೇಜಿನ ಮುದುಕ ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೆತ್ತಿ, ಎಡ ಹಿಂದಿನ ಚಕ್ರದ ತೋಳಿಗೆ ಕಬ್ಬಿಣದ ಸರಳೊಂದನ್ನು ಒತ್ತಿ ಮೀಟಿದ. ಚಕ್ರ ಕಣ್ಣಿಗೆ ಕಾಣುವಷ್ಟು ಅತ್ತಿತ್ತ ಆಡಿತು. ತೋಳನ್ನು ಕಾರಿನ ಒಡಲಿಗೆ ಹಿಡಿದಿಡುವ ರಬ್ಬರ್ ಬುಷ್ ಹರಿದುಹೋಗಿತ್ತು. "ನಿನ್ನ ಕಾರಿಗೆ ಎರಡು ಸ್ಟೀರಿಂಗ್ ಇವೆ. ಒಂದು ನಿನ್ನ ಕೈಯಲ್ಲಿ, ಇನ್ನೊಂದು ಇಲ್ಲಿ, ಯಾರ ಕೈಯಲ್ಲೂ ಇಲ್ಲ" ಎಂದ. ನಾನು ಕೇಳಿದ ವಾಹನಶಾಸ್ತ್ರದ ಪಾಠಗಳಲ್ಲಿ ಇದಕ್ಕಿಂತ ಚೆನ್ನಾದದ್ದು ಇನ್ನೊಂದಿಲ್ಲ.

ಅವನ ಮಾತಿನ ಅರ್ಥ ಹೀಗಿದೆ. ಮೇಲಿನಿಂದ ನೋಡಿದಾಗ ಒಂದೇ ಆಕ್ಸಲ್‌ನ ಎರಡು ಚಕ್ರಗಳ ಮುಂತುದಿ ಪರಸ್ಪರ ಒಳಮುಖವಾಗಿದ್ದರೆ ಅದನ್ನು ಟೋ-ಇನ್ ಎನ್ನುತ್ತಾರೆ, ಹೊರಮುಖವಾಗಿದ್ದರೆ ಟೋ-ಔಟ್. ನಮ್ಮ ಕಾಲಿನ ಹೆಬ್ಬೆರಳುಗಳನ್ನು ನೆನೆದುಕೊಂಡರೆ ಸಾಕು. ಹಿಂದಿನ ಚಕ್ರಗಳಲ್ಲಿ ಕೂದಲೆಳೆಯಷ್ಟು ಟೋ-ಇನ್ ಇದ್ದರೆ ಕಾರು ನೆಟ್ಟಗೆ, ಸೌಮ್ಯವಾಗಿ ನಡೆಯುತ್ತದೆ. ತಿರುವಿನಲ್ಲಿ ಹೊರಬದಿಯ ಹಿಂದಿನ ಚಕ್ರದ ಮೇಲೆಯೇ ಹೆಚ್ಚು ಭಾರ ಬೀಳುವುದು. ಆ ಚಕ್ರವೇ ಟೋ-ಔಟ್ ಆಗಿ ಹೊರಕ್ಕೆ ಮುಖಮಾಡಿದರೆ, ಕಾರಿನ ಹಿಂಭಾಗವನ್ನು ಅದೇ ತಿರುವಿನಿಂದಾಚೆಗೆ ನಡೆಸಿಕೊಂಡು ಹೋಗುತ್ತದೆ. ಎಕ್ಸಲರೇಟರ್ ಬಿಟ್ಟಾಗ ಎಂಜಿನ್ನು ಹಿಂದಿನ ಚಕ್ರಗಳನ್ನು ತಡೆದು ಹಿಡಿಯುತ್ತದೆ. ಆ ಎಳೆತಕ್ಕೆ ನನ್ನ ಕಾರಿನ ಹರಿದ ಬುಷ್ ಮಣಿದು, ಚಕ್ರ ಹಿಂದಕ್ಕೆ ಸರಿದು ಹೊರಕ್ಕೆ ತಿರುಗಿತ್ತು.

ಬುಷ್ ಚೆನ್ನಾಗಿದ್ದರೂ ತಿರುವಿನ ನಡುವೆ ಕಾಲು ತೆಗೆಯುವುದು ಸಣ್ಣ ಸಂಗತಿಯಲ್ಲ. ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರುಗಳ ಹಿಡಿತ ಹೆಚ್ಚುತ್ತದೆ, ಹಿಂದಿನವು ಹಗುರಾಗುತ್ತವೆ. ಹಿಂಭಾಗ ಮೇಲೆದ್ದಾಗ ಸಸ್ಪೆನ್ಷನ್ನಿನ ತೋಳುಗಳು ಕೆಳಗಿಳಿದು ಚಕ್ರಗಳ ಕೋನವೂ ಬದಲಾಗುತ್ತದೆ. ಎಷ್ಟು ಬದಲಾಗಬೇಕು, ಯಾವ ಕಡೆಗೆ ಬದಲಾಗಬೇಕು ಎಂಬುದೇ ಸಸ್ಪೆನ್ಷನ್ ಜ್ಯಾಮಿತಿ.

ಈ ಜ್ಯಾಮಿತಿಗಾಗಿ ನಾನಿರುವ ಪ್ರದೇಶದವರು ತಲೆ ಕೆಡಿಸಿಕೊಂಡಷ್ಟು ಬೇರೆಯವರು ಕೆಡಿಸಿಕೊಂಡಿರಲಾರರು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ, ಅಮೆರಿಕದ ಮೊದಲ ಷೆವರ್ಲೆ ಕೊರ್ವೇರ್‌ಗಳಲ್ಲಿ ಸ್ವಿಂಗ್ ಆಕ್ಸಲ್ ಇತ್ತು. ಅದರಲ್ಲಿ ಅರ್ಧ ಆಕ್ಸಲ್ ಡಿಫರೆನ್ಷಿಯಲ್ ಬಳಿಯಿಂದಲೇ ಬಾಗಿಲಿನಂತೆ ಮೇಲೆ ಕೆಳಗೆ ಆಡುತ್ತದೆ. ಬಿಗಿ ತಿರುವಿನಲ್ಲಿ ಹೊರಚಕ್ರ ಕಾರಿನ ಕೆಳಕ್ಕೆ ಮಡಚಿಕೊಂಡು, ಹಿಂಭಾಗ ಮೇಲೆದ್ದು, ಹಿಡಿತ ಒಮ್ಮೆಲೇ ತಪ್ಪಬಹುದು. 1965ರಲ್ಲಿ ರಾಲ್ಫ್ ನೇಡರ್ ಬರೆದ ಪ್ರಸಿದ್ಧ ಪುಸ್ತಕದ ಮೊದಲ ಅಧ್ಯಾಯ ಈ ಕೊರ್ವೇರ್ ಕುರಿತಾಗಿಯೇ ಇತ್ತು. ಆ ಕಾರು ಅದರ ಸಮಕಾಲೀನ ಕಾರುಗಳಿಗಿಂತ ಕೆಟ್ಟದ್ದೇನಲ್ಲವೆಂದು 1972ರಲ್ಲಿ ಅಲ್ಲಿನ ಸರ್ಕಾರಿ ಪರೀಕ್ಷೆ ಹೇಳಿತೆಂಬುದನ್ನೂ ನ್ಯಾಯಕ್ಕಾಗಿ ಸೇರಿಸಬೇಕು. 1977ರಲ್ಲಿ ಬಂದ ಪೋರ್ಷೆ 928ರ ಹಿಂದಿನ ಆಕ್ಸಲ್‌ಗೆ ನಮ್ಮೂರಿನ ಪಕ್ಕದ ವೈಸಾಖ್ ಎಂಬ ಹಳ್ಳಿಯ ಹೆಸರಿದೆ. ಆ ಸಂಸ್ಥೆಯ ಅಭಿವೃದ್ಧಿ ಕೇಂದ್ರವಿರುವುದು ಅಲ್ಲಿಯೇ. ಚಾಲಕ ಕಾಲು ತೆಗೆದಾಗ ಹೊರಕ್ಕೆ ತಿರುಗಲು ಹವಣಿಸುವ ಚಕ್ರವನ್ನು ಅದು ತಾನಾಗಿ ಒಳಕ್ಕೆ ತಿರುಗಿಸುತ್ತಿತ್ತು. 1982ರ ಮರ್ಸಿಡಿಸ್ 190 ಪ್ರತಿಯೊಂದು ಹಿಂದಿನ ಚಕ್ರವನ್ನೂ ಐದು ತೋಳುಗಳಿಂದ ಹಿಡಿಯಿತು. ಇಷ್ಟೆಲ್ಲ ಮೇಧಾವಿಗಳ ಶ್ರಮ ಕೊನೆಗೆ ನಿಂತಿರುವುದು ಅಂಗೈಯಷ್ಟು ರಬ್ಬರಿನ ಮೇಲೆ. ಇಪ್ಪತ್ತು ವರ್ಷದ ಕಾರಿನಲ್ಲಿ ಆ ರಬ್ಬರಿಗೂ ಇಪ್ಪತ್ತು ವರ್ಷವಾಗಿರುತ್ತದೆ.

ಇನ್ನು ಡಿಫರೆನ್ಷಿಯಲ್. ಇದನ್ನು ತಿಳಿಯಲು ಜರ್ಮನಿಗೆ ಬರಬೇಕಾಗಿಲ್ಲ. ಎತ್ತಿನ ಗಾಡಿ ತಿರುಗುವಾಗ ಹೊರಚಕ್ರ ಹೆಚ್ಚು ದೂರ ಉರುಳಬೇಕು, ಒಳಚಕ್ರ ಕಡಿಮೆ. ಅಚ್ಚಿನ ಮೇಲೆ ಎರಡೂ ಸ್ವತಂತ್ರವಾಗಿ ಉರುಳುವುದರಿಂದ ಗಾಡಿಗೆ ತೊಂದರೆಯಿಲ್ಲ. ಆದರೆ ಎರಡು ಚಕ್ರಗಳನ್ನೂ ಒಂದೇ ಎಂಜಿನ್ನು ತಿರುಗಿಸಬೇಕಾದಾಗ ನಡುವೆ ಡಿಫರೆನ್ಷಿಯಲ್ ಬೇಕು. ಸಾಮಾನ್ಯ ಡಿಫರೆನ್ಷಿಯಲ್ ವೇಗವನ್ನು ಬೇರೆ ಬೇರೆಯಾಗಿ ಬಿಟ್ಟರೂ ಬಲವನ್ನು ಎರಡಕ್ಕೂ ಸಮನಾಗಿಯೇ ಹಂಚುತ್ತದೆ. ಅದರ ಬಡತನ ಇರುವುದೂ ಅಲ್ಲಿಯೇ: ಒಂದು ಚಕ್ರ ಕೆಸರಿನಲ್ಲಿ ಹೂತರೆ ಅದಕ್ಕೆ ದಕ್ಕುವಷ್ಟೇ ಬಲ ಒಣನೆಲದ ಚಕ್ರಕ್ಕೂ ದಕ್ಕುವುದು. ಗದ್ದೆಯಲ್ಲಿ ಟ್ರ್ಯಾಕ್ಟರಿನ ಒಂದು ಚಕ್ರ ಸುಮ್ಮನೆ ತಿರುಗತೊಡಗಿದಾಗ ನಮ್ಮ ರೈತ ಹಿಮ್ಮಡಿಯಿಂದ ಲಾಕ್ ಪೆಡಲ್ ಒತ್ತಿ ಎರಡನ್ನೂ ಬೆಸೆಯುತ್ತಾನೆ, ರಸ್ತೆಗೆ ಬಂದು ತಿರುಗುವ ಮೊದಲು ನೆನಪಿನಿಂದ ಬಿಡುತ್ತಾನೆ. ಅದನ್ನು ಬಿಡದೆ ತಿರುಗಿಸಿದ ಟ್ರ್ಯಾಕ್ಟರು ಹೇಗೆ ನೆಟ್ಟಗೆ ನುಗ್ಗುತ್ತದೆಂದು ಅವನನ್ನೇ ಕೇಳಬೇಕು.

ಕಾರಿನಲ್ಲಿಯೂ ಹೀಗೆಯೇ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಕಾರಿಗೆ ತಿರುವಿನಲ್ಲಿ ಹೆಚ್ಚು ಎಕ್ಸಲರೇಟರ್ ಕೊಟ್ಟರೆ ಹಗುರಾದ ಒಳಚಕ್ರ ಸುಮ್ಮನೆ ಸುತ್ತುತ್ತದೆ. ಹೊರಚಕ್ರ ನೆಲ ಹಿಡಿದೇ ಇರುತ್ತದೆ. ಜಾರುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಸಾಧಾರಣ ಚಾಲಕನಿಗೆ ಇದೊಂದು ಕಾಣದ ರಕ್ಷಣೆ. ಲಿಮಿಟೆಡ್ ಸ್ಲಿಪ್ ಎಂಬ ಬಗೆಯಲ್ಲಿ ಒಳಗಿನ ಕ್ಲಚ್ ತಟ್ಟೆಗಳು ಎರಡು ಚಕ್ರಗಳ ವೇಗ ತೀರಾ ಬೇರೆಯಾಗದಂತೆ ತಡೆದು, ಹಿಡಿತವಿರುವ ಹೊರಚಕ್ರಕ್ಕೆ ಹೆಚ್ಚು ಬಲ ಕಳುಹಿಸುತ್ತವೆ. ಆಗ ಎರಡೂ ಚಕ್ರಗಳು ಒಟ್ಟಿಗೆ ಜಾರಬಲ್ಲವು. ಬಲ್ಲವನ ಕಾಲಿನ ಕೆಳಗೆ ಆ ಜಾರುವಿಕೆ ಅಳತೆಗೆ ಸಿಗುತ್ತದೆ. ಕೆಲವು ಬಗೆಗಳು ಕಾಲು ತೆಗೆದಾಗಲೂ ಚಕ್ರಗಳನ್ನು ಬಿಗಿಹಿಡಿದು ಹಿಂಭಾಗ ತಟ್ಟನೆ ಹೊರಳದಂತೆ ನೋಡಿಕೊಳ್ಳುತ್ತವೆ.

ಅಳಿಯ ಹೇಳಿದ್ದು ಮಾತ್ರ ಇವೆರಡೂ ಅಲ್ಲ. "ಲಿಮಿಟೆಡ್ ಸ್ಲಿಪ್‌ಗೆ ದುಡ್ಡಿಲ್ಲ ಮಾಮ, ಫ್ರೆಂಡ್ ಒಬ್ಬ ವೆಲ್ಡ್ ಮಾಡ್ಕೊಡ್ತಾನೆ" ಎಂದ. ಡಿಫರೆನ್ಷಿಯಲ್ ಒಳಗಿನ ಗೇರುಗಳನ್ನು ಬೆಸುಗೆ ಹಾಕಿ ಒಂದಾಗಿಸುವ ಅಗ್ಗದ ಉಪಾಯವಿದು. ಟ್ರ್ಯಾಕ್ಟರಿನ ಲಾಕ್ ಪೆಡಲನ್ನು ಶಾಶ್ವತವಾಗಿ ಒತ್ತಿಟ್ಟಂತೆ. ಅಂಗಳದಲ್ಲಿ ನಿಧಾನಕ್ಕೆ ತಿರುಗಿಸಿದರೂ ಟೈರು ಕಿರುಗುಟ್ಟುತ್ತದೆ. ಮಳೆಯ ತಿರುವಿನಲ್ಲಿ ಮೊದಲು ಕಾರು ತಿರುಗಲೊಲ್ಲದೆ ನೆಟ್ಟಗೆ ತಳ್ಳುತ್ತದೆ, ಗಾಬರಿಯಿಂದ ಎಕ್ಸಲರೇಟರ್ ಒತ್ತಿದರೆ ಎರಡೂ ಹಿಂದಿನ ಚಕ್ರಗಳು ಒಟ್ಟಿಗೆ ಹಿಡಿತ ಬಿಡುತ್ತವೆ. ಪಂದ್ಯದಂಗಳದಲ್ಲಿ ಇದಕ್ಕೆ ಸ್ಥಾನವಿದೆ. ಆಖೆನ್‌ನಿಂದ ವಿಶ್ವವಿದ್ಯಾಲಯಕ್ಕೆ, ತರಕಾರಿ ಅಂಗಡಿಗೆ ಹೋಗುವ ಕಾರಿನಲ್ಲಿ ಇಲ್ಲ. ಅಲ್ಲದೆ ಇಲ್ಲಿ ಅಪಾಯ ತರುವಂಥ ಬದಲಾವಣೆಯನ್ನು ಅನುಮೋದನೆಯಿಲ್ಲದೆ ಮಾಡಿದರೆ ಆ ವಾಹನಕ್ಕೆ ರಸ್ತೆಯಲ್ಲಿ ಓಡುವ ಅನುಮತಿಯೇ ಇಲ್ಲವಾಗುತ್ತದೆ. 2017ರಿಂದ ರಸ್ತೆಯ ಮೇಲಿನ ಅಕ್ರಮ ಪಂದ್ಯ ಇಲ್ಲಿ ಎರಡು ವರ್ಷದವರೆಗಿನ ಸೆರೆವಾಸಕ್ಕೆ ಗುರಿಮಾಡಬಲ್ಲ ಅಪರಾಧ. ವೀಸಾದ ಮೇಲಿರುವವನಿಗೆ ಪೊಲೀಸ್ ಪ್ರಕರಣವೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

"ಇಎಸ್‌ಪಿ ಇದೆಯಲ್ಲ ಮಾಮ" ಎಂಬುದು ಅವನ ಕೊನೆಯ ಅಸ್ತ್ರ. ಜಾರುವ ಕಾರಿನ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ಈ ವಿದ್ಯುನ್ಮಾನ ವ್ಯವಸ್ಥೆ 1995ರಲ್ಲಿ ಮೊದಲು ಮರ್ಸಿಡಿಸ್ ಕಾರಿನಲ್ಲಿ ಬಂತು. 2014ರಿಂದ ಯುರೋಪ್ ಒಕ್ಕೂಟದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಅದು ಎಷ್ಟೋ ಜೀವಗಳನ್ನು ಉಳಿಸಿದೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಟೈರಿನಲ್ಲಿ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಮೇಲಾಗಿ ಡ್ರಿಫ್ಟ್ ಮಾಡಬೇಕೆನ್ನುವವನು ಮೊದಲು ಒತ್ತುವ ಗುಂಡಿಯೇ ಅದನ್ನು ಆರಿಸುವ ಗುಂಡಿ.

ನಮ್ಮ ತಂದೆಯವರು ಅಂಬಾಸಿಡರ್ ಓಡಿಸುತ್ತಿದ್ದರು. ಅದೂ ಹಿಂದಿನ ಚಕ್ರದ ಕಾರೇ. ಪಟ್ಟಿ ಸ್ಪ್ರಿಂಗುಗಳ ಮೇಲೆ ಕೂತ ಗಟ್ಟಿ ಆಕ್ಸಲ್. ಟೋ, ಕ್ಯಾಂಬರ್‌ಗಳ ಚಿಂತೆ ಅವರಿಗಿರಲಿಲ್ಲ. ಶಿರಾಡಿ ಘಾಟಿಯ ಮಳೆಗಾಲದಲ್ಲಿಯೂ ಅವರ ಕಾರು ಜಾರಿದ್ದು ನನಗೆ ನೆನಪಿಲ್ಲ. ಅವರ ಎಂಜಿನ್ನಿಗೆ ಐವತ್ತರ ಆಸುಪಾಸಿನ ಅಶ್ವಶಕ್ತಿ, ಅವರ ಕಾಲಿಗೆ ಅದಕ್ಕಿಂತ ಹೆಚ್ಚಿನ ತಾಳ್ಮೆ. ಅಳಿಯನ ಕಾರಿನಲ್ಲಿರುವುದು ಅದರ ಮೂರು ಪಟ್ಟಿಗೂ ಮೀರಿದ ಶಕ್ತಿ. 1983ರಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಮನೆಗಳಲ್ಲಿ ಮುಂದಿನ ಚಕ್ರದ ಕಾರುಗಳೇ ತುಂಬಿಕೊಂಡವು. ಅವನ ಪೀಳಿಗೆಯ ಹುಡುಗರು ಹಿಂಭಾಗ ಜಾರುವ ಕಾರನ್ನು ಮೊದಲು ಮುಟ್ಟುವುದು ಪರದೇಶದಲ್ಲಿ, ಹಿಮದ ರಸ್ತೆಯಲ್ಲಿ. ಭಾರತದ ಪರವಾನಗಿ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಲಿಖಿತ ಮತ್ತು ಚಾಲನಾ ಪರೀಕ್ಷೆ. ಕಟ್ಟುನಿಟ್ಟಿನ ಆ ಪರೀಕ್ಷೆಯಲ್ಲೂ ಜಾರುವ ಕಾರನ್ನು ಹಿಡಿಯುವುದನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ಇಲ್ಲಿಗೆ ಬರಲಿರುವ ತರುಣರಿಗೂ ಊರಿನಿಂದ ದುಡ್ಡು ಕಳುಹಿಸುವ ತಂದೆ ತಾಯಿಯರಿಗೂ ನನ್ನದೊಂದು ಕೋರಿಕೆ. ಫೋಟೊ ಬಂದಾಗ ಕಾರಿನ ಬಣ್ಣವನ್ನು ಹೊಗಳಿ, ಜೊತೆಗೆ ಟೈರಿನ ವಯಸ್ಸನ್ನೂ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಮುದ್ರೆಯಿರುತ್ತದೆ. 2318 ಎಂದಿದ್ದರೆ 2018ರ 23ನೆಯ ವಾರದ್ದು. ಚಳಿಗಾಲದ ಟೈರಿನ ಮೇಲೆ ಮೂರು ಶಿಖರಗಳ ಪರ್ವತದ ನಡುವೆ ಹಿಮದ ಹೂವಿನ ಗುರುತಿರಬೇಕು. ನಾಲ್ಕರಲ್ಲಿ ಎರಡು ಮಾತ್ರ ಹೊಸತು ಕೊಳ್ಳಲು ಸಾಧ್ಯವಿದ್ದರೆ ಅವು ಹಿಂದಕ್ಕೆ ಹೋಗಬೇಕು, ಮುಂದಕ್ಕಲ್ಲ. ಹೊಳೆಯುವ ರಿಮ್ಮಿಗೆ ಮೊದಲು ಬುಷ್, ಬುಷ್ಷಿನ ನಂತರ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್.

ಜಾರಿಸುವ ಆಸೆಯಿದ್ದರೆ ಅದಕ್ಕೂ ಜಾಗವಿದೆ. ಎಡಿಎಸಿ ಎಂಬ ಇಲ್ಲಿನ ವಾಹನ ಸಂಘದ ಸುರಕ್ಷಾ ತರಬೇತಿ ಕೇಂದ್ರಗಳಲ್ಲಿ ನೀರು ಹರಿಸಿದ ನುಣುಪು ನೆಲವಿದೆ. ಕಾರು ದಾಟುವಾಗ ಹಿಂದಿನ ಚಕ್ರಗಳನ್ನು ಪಕ್ಕಕ್ಕೆ ಎಳೆದುಬಿಡುವ ತಟ್ಟೆಯೊಂದು ನೆಲದಲ್ಲಿಯೇ ಹುದುಗಿರುತ್ತದೆ. ಅಪಘಾತದ ಮರುವರ್ಷ ನಾನಲ್ಲಿ ಒಂದು ದಿನ ಕಳೆದೆ. ಮೊದಲ ನಾಲ್ಕು ಸಲ ಬುಗುರಿಯಂತೆ ಸುತ್ತಿದೆ. ಐದನೆಯ ಸಲ ಬೋಧಕ ರೇಡಿಯೊದಲ್ಲಿ "ಸ್ಟೀರಿಂಗ್ ಜೊತೆ ಜಗಳವಾಡಬೇಡ, ಅದಕ್ಕೆ ದಾರಿ ಗೊತ್ತಿದೆ" ಎಂದ. ನಿಜವೇ. ಮುಂದಿನ ಚಕ್ರಗಳ ಕ್ಯಾಸ್ಟರ್ ಎಂಬ ಓರೆಕೋನದಿಂದಾಗಿ, ಕಾರು ಅಡ್ಡವಾದಾಗ ಆ ಚಕ್ರಗಳು ತಾವಾಗಿಯೇ ಕಾರು ಸಾಗುತ್ತಿರುವ ದಿಕ್ಕಿಗೆ ಹೊರಳಲು ನೋಡುತ್ತವೆ. ಕೈ ಅದಕ್ಕೆ ಅಡ್ಡಬರದೆ ಜೊತೆಗೆ ಹೋಗಬೇಕು, ಕಣ್ಣು ಹೋಗಬೇಕಾದ ಕಡೆ ನೋಡಬೇಕು. ಆರನೆಯ ಸಲ ಕಾರು ನೆಟ್ಟಗಾಯಿತು.

ಇದನ್ನೆಲ್ಲ ಅಳಿಯನಿಗೆ ಒಂದೂವರೆ ಗಂಟೆ ಫೋನಿನಲ್ಲಿ ಹೇಳಿದೆ. ಹೂಂಗುಟ್ಟಿದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ನಿನ್ನೆ ಗ್ಯಾರೇಜಿನ ಅಲೈನ್‌ಮೆಂಟ್ ಹಾಳೆಯ ಚಿತ್ರವೊಂದನ್ನು ಕಳುಹಿಸಿದ್ದಾನೆ. ಮುಂದಿನ ಅಂಕಿಗಳೆಲ್ಲ ಹಸಿರು, ಹಿಂದಿನ ಬಲಚಕ್ರದ ಟೋ ಮಾತ್ರ ಕೆಂಪು. ಕೆಳಗೆ ಒಂದೇ ಸಾಲು: "ಮಾಮ, ಎರಡೂ ಕಡೆಯ ಬುಷ್‌ಗೆ ಎಷ್ಟಾಗುತ್ತೆ?"