ಕಾಲುಸಂಕದ ಕಡತ ಎಲ್ಲಿ ನಿಲ್ಲುತ್ತದೆ?

ಮಲೆನಾಡಿನ ಮಜರೆಗಳಲ್ಲಿ ಜೂನ್ ಹತ್ತಿರ ಬಂತೆಂದರೆ ಸಂಕ ಹಾಕುವ ಕೆಲಸ ಶುರುವಾಗುತ್ತದೆ. ಹಳ್ಳದ ಈ ದಡದಿಂದ ಆ ದಡಕ್ಕೆ ನಾಲ್ಕು ಅಡಿಕೆ ಮರ ಚಾಚಿ, ಬಳ್ಳಿಯಿಂದಲೋ ತಂತಿಯಿಂದಲೋ ಬಿಗಿದು, ಕೈ ಆಧಾರಕ್ಕೆ ಒಂದು ಬಿದಿರಿನ ಗಳ ಕಟ್ಟಿದರೆ ಆಯಿತು. ಶಾಲೆಯ ಮಕ್ಕಳು, ಡೇರಿಗೆ ಹಾಲು ಒಯ್ಯುವವರು, ತುಂಬು ಬಸುರಿಯರು ಮಳೆಗಾಲವಿಡೀ ಅದರ ಮೇಲೆಯೇ ದಾಟುತ್ತಾರೆ. ಇದರ ಬದಲು ಗಟ್ಟಿ ಕಾಲುಸಂಕ ಬೇಕೆಂಬ ಮನವಿಗಳನ್ನು ನಾನೂ ಕೆಲವು ಊರಿನವರಿಗೆ ಬರೆದುಕೊಟ್ಟಿದ್ದೇನೆ. ಹೆಚ್ಚಿನವಕ್ಕೆ ಆಗುತ್ತದೆ ಎಂದಾಗಲಿ, ಆಗುವುದಿಲ್ಲ ಎಂದಾಗಲಿ ಉತ್ತರವೇ ಬರಲಿಲ್ಲ.

ದುಡ್ಡಿಲ್ಲದೆ ಹೀಗಾಗಿದೆ ಎನ್ನುವುದು ಅರ್ಧ ಸತ್ಯ. ಸಂಸದರ ಪ್ರದೇಶಾಭಿವೃದ್ಧಿ ನಿಧಿ 1993ರ ಡಿಸೆಂಬರ್‌ನಲ್ಲಿ ಶುರುವಾಯಿತು. 2011–12ರಿಂದ ಅದರ ಮೊತ್ತ ಸಂಸದರೊಬ್ಬರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಕರ್ನಾಟಕದ ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಇವುಗಳ ಜೊತೆಗೆ ಮಲೆನಾಡು, ಬಯಲುಸೀಮೆ, ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗಳಿವೆ. ಹಣಕಾಸು ಆಯೋಗದ ಅನುದಾನ ಪಂಚಾಯಿತಿಯ ಖಾತೆಗೇ ಬರುತ್ತದೆ. ಇಷ್ಟು ಬಾಗಿಲುಗಳಿದ್ದೂ ತೀರಾ ಅಗತ್ಯವಿರುವ ಮಜರೆ ಹೊರಗೇ ಉಳಿಯುವುದೇಕೆ? ನನಗೆ ಕಂಡ ಕಾರಣ ಒಂದೇ. ಕಡತ ಕಟ್ಟುವುದು ಗೊತ್ತಿರುವವರು ಯಾವ ಊರಿನಲ್ಲಿದ್ದಾರೋ ಆ ಊರಿಗೆ ಅನುದಾನ ಹೋಗುತ್ತದೆ. ನಿವೃತ್ತ ಮೇಷ್ಟ್ರೊಬ್ಬರು, ಪೇಟೆಯಲ್ಲಿ ಗುತ್ತಿಗೆದಾರಿಕೆ ಮಾಡುವ ಊರಿನ ಹುಡುಗ, ಕಚೇರಿಗಳ ಪರಿಚಯವಿರುವ ಸೊಸೈಟಿ ಕಾರ್ಯದರ್ಶಿ, ಇಂಥವರೊಬ್ಬರು ಇದ್ದರೆ ಸಾಕು. ಹದಿನೈದು ಮನೆಯ ಕೂಲಿಕಾರರ ಕೇರಿಯಲ್ಲಿ ಅಂಥವರು ಇರುವುದಿಲ್ಲ.

ಕಡತಕ್ಕೆ ಏನೇನು ಬೇಕೆಂದು ನೋಡಿದರೆ ಇದು ಅರ್ಥವಾಗುತ್ತದೆ. ಮೊದಲು ಜಾಗದ ದಾಖಲೆ. ಹಳ್ಳ ಸಾಮಾನ್ಯವಾಗಿ ಬಿ ಖರಾಬು, ಅಂದರೆ ಸಾರ್ವಜನಿಕ. ದಡಗಳಲ್ಲಿ ಒಂದು ಯಾರದೋ ತೋಟ, ಇನ್ನೊಂದು ಅರಣ್ಯ. ತೋಟದವರ ಒಪ್ಪಿಗೆ ಪತ್ರ ಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು. ಆಮೇಲೆ ಎಂಜಿನಿಯರ್ ಬಂದು ಅಂದಾಜುಪಟ್ಟಿ ಮಾಡಬೇಕು. ಹಲವು ಪಂಚಾಯಿತಿಗಳ ಕೆಲಸ ಹೊತ್ತ ಅವರಿಗೆ ಈ ಮೂಲೆಗೆ ಬರಲು ಬಿಡುವಾಗುವುದು ಬೇಸಿಗೆಯಲ್ಲಿ. ಫೆಬ್ರುವರಿಯಲ್ಲಿ ಬಂದವರಿಗೆ ಕಾಣುವುದು ಮೊಣಕಾಲು ನೀರೂ ಇಲ್ಲದ ಕಲ್ಲುಹಾಸು. ಜುಲೈಯ ನೀರು ಎಲ್ಲಿಯವರೆಗೆ ಏರುತ್ತದೆಂದು ಊರವರು ಕೈ ತೋರಿಸಿ ಹೇಳುತ್ತಾರೆ. ಆದರೆ ಅಂದಾಜುಪಟ್ಟಿಯ ಅಳತೆಗೆ ಬಾಯಿಮಾತು ಸಾಲದು.

ಇಲ್ಲಿಂದ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಲೆನಾಡಿನಲ್ಲಿ ಹಳ್ಳಕ್ಕಿಳಿದು ಕೆಲಸ ಮಾಡಲು ಆಗುವುದು ನವೆಂಬರ್‌ನಿಂದ ಮೇವರೆಗೆ. ಮಂಜೂರಾತಿ ಫೆಬ್ರುವರಿಯ ಕೊನೆಗೆ ಬಂದರೆ ಬುನಾದಿ ತೋಡುವಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಅರ್ಧಕ್ಕೆ ನಿಂತ ಕಂಬಗಳನ್ನು ನೋಡಿ ‘ಅನುದಾನ ಕೊಟ್ಟರೂ ಊರವರಿಗೆ ಉಳಿಸಿಕೊಳ್ಳಲು ಬರಲಿಲ್ಲ’ ಎಂದವರಿದ್ದಾರೆ. ಈ ಮಾತಿನಷ್ಟು ಅನ್ಯಾಯದ್ದು ಇನ್ನೊಂದಿಲ್ಲ.

ನಮ್ಮ ಜನ ಮನವಿ ಹಿಡಿದು ಮೊದಲು ಹೋಗುವುದು ಶಾಸಕರ ಮನೆಗೆ. ಭೂಮಿಪೂಜೆಗೆ ಬರುವವರು ಅವರೇ ಆದ್ದರಿಂದ ಅದು ಸಹಜ. ಆದರೆ ಲೆಕ್ಕ ಹಾಕಿ ನೋಡಿ: ಒಂದು ಕ್ಷೇತ್ರದಲ್ಲಿ ಹಳ್ಳಿ, ಮಜರೆಗಳು ಸೇರಿ 200 ಇದ್ದರೆ 2 ಕೋಟಿಯಲ್ಲಿ ಒಂದೊಂದಕ್ಕೆ ಸಿಗುವುದು 1 ಲಕ್ಷ. ಅದನ್ನು ಯಾರೂ ಸಮನಾಗಿ ಹಂಚುವುದಿಲ್ಲ. ಹತ್ತಿರ ನಿಂತವರಿಗೆ ಹೋಗುತ್ತದೆ. ಕಾನೂನು ತೋರಿಸುವ ದಾರಿ ಬೇರೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಬೇಡಿಕೆ ವಾರ್ಡ್ ಸಭೆಯಲ್ಲಿ ಹುಟ್ಟಿ ಗ್ರಾಮಸಭೆಗೆ ಬಂದು ಆದ್ಯತೆ ಪಡೆಯಬೇಕು. ‘ನಮ್ಮ ಗ್ರಾಮ ನಮ್ಮ ಯೋಜನೆ’ ತಯಾರಾಗಬೇಕಾದದ್ದೂ ಹಾಗೆಯೇ. 15ನೇ ಹಣಕಾಸು ಆಯೋಗ 2021–26ರ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿ, ಶೇ 40ನ್ನು ಊರಿನ ಇತರ ಅಗತ್ಯಗಳಿಗೆ ಬಿಟ್ಟಿತ್ತು. ಆ ಶೇ 40ರ ಮಾತು ಎಷ್ಟು ವಾರ್ಡ್ ಸಭೆಗಳಲ್ಲಿ ಬಂತು? ಸಭೆಯ ಸಹಿ ಪುಸ್ತಕ ಮನೆಮನೆಗೆ ಹೋಗಿ ಬರುವ ಊರುಗಳನ್ನು ನಾನು ಕಂಡಿದ್ದೇನೆ.

ಗ್ರಾಮಸಭೆಯ ನಿರ್ಣಯಕ್ಕೆ ಕಾನೂನು ಎಷ್ಟು ಬಲ ಕೊಟ್ಟಿದೆ ಎಂಬುದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಬೇಕು. ಶಾಲೆ, ಅಂಗನವಾಡಿ, ರಸ್ತೆ, ಸಮುದಾಯ ಭವನ ಸೇರಿ 13 ಬಗೆಯ ಸೌಕರ್ಯಗಳಿಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಬಳಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಅದಕ್ಕೆ ಗ್ರಾಮಸಭೆಯ ಶಿಫಾರಸು ಕಡ್ಡಾಯ. ‘ಅರಣ್ಯದವರು ಬಿಡುವುದಿಲ್ಲ’ ಎಂದು ಕೈಬಿಟ್ಟ ಎಷ್ಟೋ ಕೆಲಸಗಳಿಗೆ ಈ ಕಲಮಿನಡಿ ಅರ್ಜಿಯನ್ನೇ ಹಾಕಿರುವುದಿಲ್ಲ.

ಊರವರು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಸುಳ್ಯದ ಕಡೆ ನೋಡಬೇಕು. 1989ರಲ್ಲಿ ಅರಂಬೂರಿನ ಜನ ಪಯಸ್ವಿನಿ ನದಿಗೆ ಸೇತುವೆ ಕಟ್ಟಿಕೊಡಿ ಎಂದು ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ್ ಭಾರದ್ವಾಜರ ಬಳಿ ಹೋದರು. ಅಲ್ಲಿಂದ ಶುರುವಾದ ಅವರ ತೂಗುಸೇತುವೆಗಳು ನೂರು ದಾಟಿದವು. 2017ರಲ್ಲಿ ಪದ್ಮಶ್ರೀ ಬಂತು. ಆದರೆ ಪ್ರತಿ ತಾಲ್ಲೂಕಿಗೂ ಒಬ್ಬ ಭಾರದ್ವಾಜರು ಸಿಗುವುದಿಲ್ಲ, ಸಿಗಲಿ ಎಂದು ಕಾಯುತ್ತ ಕೂರುವುದು ಸರ್ಕಾರದ ನೀತಿಯಾಗಬಾರದು. ಅಂದಾಜುಪಟ್ಟಿ, ಸರ್ವೆ, ನಕ್ಷೆ, ಒಪ್ಪಿಗೆ ಪತ್ರ ಇವನ್ನು ಸಿದ್ಧಪಡಿಸುವ ಖರ್ಚು ಮತ್ತು ಹೊಣೆಯನ್ನು ಸರ್ಕಾರ ತಾನೇ ಹೊರಬೇಕು. ಹೋಬಳಿಗೊಬ್ಬ ಕಿರಿಯ ಎಂಜಿನಿಯರ್ ಮಳೆಗಾಲದಲ್ಲೇ ಓಡಾಡಿ ಹತ್ತು ಕಾಮಗಾರಿಗಳ ಕಡತ ಸಿದ್ಧ ಮಾಡಿಟ್ಟರೆ, ಯಾವ ನಿಧಿ ಬಂದರೂ ಆದ್ಯತೆಯ ಮೊದಲನೆಯದಕ್ಕೆ ಅದು ಸಲ್ಲುತ್ತದೆ. ಆ ಆದ್ಯತೆಯ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲಿರಲಿ.

ಇನ್ನೊಂದು, ಉತ್ತರ ಕೊಡುವ ಹೊಣೆ. ಆಡಳಿತದ ನಿರ್ಧಾರಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ 2005ರಿಂದಲೇ ಹೇಳುತ್ತಿದೆ. ಮನವಿ ಕೊಟ್ಟಾಗ ಟಪಾಲಿನಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ತಿಂಗಳಾದ ಮೇಲೆ ಈ ಕಲಂ ಉಲ್ಲೇಖಿಸಿ ಕಾರಣ ಕೇಳುವುದನ್ನು ಊರವರೂ ರೂಢಿ ಮಾಡಿಕೊಳ್ಳಬೇಕು. ‘ಜಾಗದ ದಾಖಲೆ ಇಲ್ಲ’ ಎಂದು ಬರಹದಲ್ಲಿ ಬಂದರೆ ದಾಖಲೆ ಹುಡುಕಬಹುದು. ಮೌನದ ಬೆನ್ನು ಹತ್ತಿ ಎಲ್ಲಿಗೆ ಹೋಗುವುದು?

ಈ ಮಳೆಗಾಲದಲ್ಲಿ ಹಳ್ಳ ತುಂಬಿದ ದಿನ ಯಾರಾದರೂ ದಡದ ಮರಕ್ಕೆ ನೀರಿನ ಮಟ್ಟದಲ್ಲಿ ಕೆಂಪು ಬಣ್ಣದ ಗೆರೆ ಎಳೆಯಲಿ. ತಾರೀಕು ಬರೆದ ಹಲಗೆಯನ್ನು ಪಕ್ಕಕ್ಕಿಟ್ಟು ಒಂದು ಫೋಟೊ ತೆಗೆಯಲಿ. ಎಷ್ಟು ಮಕ್ಕಳು ದಾಟುತ್ತಾರೆ, ಎಷ್ಟು ದಿನ ಶಾಲೆ ತಪ್ಪಿತು, ಸುತ್ತಿ ಬರುವ ದಾರಿ ಎಷ್ಟು ಕಿಲೋಮೀಟರ್ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಫೆಬ್ರುವರಿಯಲ್ಲಿ ಎಂಜಿನಿಯರ್ ಬಂದಾಗ ಆ ಗೆರೆ ಅಲ್ಲೇ ಇರುತ್ತದೆ.