ಜಾಗ್ವಾರ್‌ಗೆ ತನ್ನ ಮುಖವೇ ಬೇಡವಾಯಿತೇ?

2024ರ ನವೆಂಬರ್ 19ರಂದು ಬ್ರಿಟನ್ನಿನ ಜಾಗ್ವಾರ್ ಕಂಪನಿ ಅರ್ಧ ನಿಮಿಷದ ಒಂದು ವಿಡಿಯೊ ಹೊರಬಿಟ್ಟಿತು. ಕಣ್ಣು ಕುಕ್ಕುವ ಬಣ್ಣದ ಉಡುಪು ತೊಟ್ಟ ರೂಪದರ್ಶಿಗಳು ಲಿಫ್ಟ್‌ನಿಂದ ಇಳಿದು ಗುಲಾಬಿ ಬಣ್ಣದ ಬಯಲಿಗೆ ಬರುತ್ತಾರೆ. ಒಬ್ಬರ ಕೈಯಲ್ಲಿ ಬಣ್ಣದ ಕುಂಚ, ಇನ್ನೊಬ್ಬರ ಕೈಯಲ್ಲಿ ಸುತ್ತಿಗೆ. ವಿಡಿಯೊ ಮುಗಿಯುವವರೆಗೂ ಒಂದೇ ಒಂದು ಕಾರು ಕಾಣುವುದಿಲ್ಲ. ನೀವು ಕಾರು ಮಾರುತ್ತೀರಾ ಎಂದು ಇಲಾನ್ ಮಸ್ಕ್ ಕೇಳಿದ್ದೇ ತಡ, ಜಗತ್ತಿನ ಮೂಲೆಮೂಲೆಯಿಂದ ಟೀಕೆಯ ಮಳೆ ಸುರಿಯಿತು.

ಜಾಹೀರಾತು ಇವತ್ತು ಬರುತ್ತದೆ, ನಾಳೆ ಮರೆತುಹೋಗುತ್ತದೆ. ಕಾರುಪ್ರಿಯರ ಮನಸ್ಸು ಕೆಟ್ಟದ್ದು ಅದರ ಜೊತೆಗೇ ಬಂದ ಇನ್ನೊಂದು ಸುದ್ದಿಯಿಂದ. ದಶಕಗಳ ಕಾಲ ಜಾಗ್ವಾರ್ ಕಾರುಗಳ ಮುಂಭಾಗದಲ್ಲಿ, ದುಂಡನೆಯ ಬಿಲ್ಲೆಯೊಳಗೆ, ಬಾಯಿ ತೆರೆದು ಹಲ್ಲು ತೋರಿಸುತ್ತಿದ್ದ ಮೃಗದ ಮುಖ ಇನ್ನು ಇರುವುದಿಲ್ಲ ಎಂದು ತಿಳಿಯಿತು. ಅಭಿಮಾನಿಗಳು ಅದನ್ನು ಗ್ರೌಲರ್ ಎನ್ನುತ್ತಾರೆ. ಅದರ ಜಾಗಕ್ಕೆ ಜೆ ಮತ್ತು ಆರ್ ಅಕ್ಷರಗಳನ್ನು ಹೆಣೆದ ಒಂದು ವೃತ್ತ ಬಂತು. ಮೈ ಚಾಚಿ ಜಿಗಿಯುವ ಮೃಗ, ಅಂದರೆ ಲೀಪರ್, ಪೂರ್ತಿ ಮಾಯವಾಗಲಿಲ್ಲ. ಅಡ್ಡಗೆರೆಗಳ ಪಟ್ಟಿಯೊಂದರ ಮೇಲಿನ ಕೆತ್ತನೆಯಾಗಿ ಉಳಿಯಿತು. ಕಂಪನಿಯ ಹೆಸರನ್ನು ಬರೆಯುವ ರೀತಿಯೂ ಬದಲಾಯಿತು. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳನ್ನು ಕಲಸಿದ, ಯಾವ ಸುಗಂಧದ್ರವ್ಯದ ಬಾಟಲಿ ಮೇಲಾದರೂ ಹೊಂದಬಹುದಾದ ಬರವಣಿಗೆ ಅದು.

ಇದಕ್ಕೆ ನೊಂದುಕೊಂಡವರನ್ನು ಹಳೆಯ ಕಾಲಕ್ಕೆ ಜೋತುಬಿದ್ದವರು ಎಂದು ತಳ್ಳಿಹಾಕುವುದು ಸುಲಭ. ಆ ಸುಲಭದ ದಾರಿಯನ್ನೇ ಹಲವರು ಹಿಡಿದರು. ಅದು ಅನ್ಯಾಯದ ಮಾತು.

ಜಾಗ್ವಾರ್ ಹುಟ್ಟಿದ್ದು ಬೈಕಿಗೆ ಜೋಡಿಸುವ ಸೈಡ್‌ಕಾರ್ ಮಾಡುವ ಅಂಗಡಿಯಾಗಿ. 1922ರಲ್ಲಿ ಬ್ಲ್ಯಾಕ್‌ಪೂಲ್ ಊರಿನಲ್ಲಿ ವಿಲಿಯಂ ಲಯನ್ಸ್ ಮತ್ತು ವಿಲಿಯಂ ವಾಮ್ಸ್ಲೆ ಸ್ವಾಲೊ ಸೈಡ್‌ಕಾರ್ ಕಂಪನಿ ಕಟ್ಟಿದರು. ಆಮೇಲೆ ಕಾರಿನ ಮೈ ಕಟ್ಟಿದರು, ಅನಂತರ ಕಾವೆಂಟ್ರಿಗೆ ಬಂದು ಕಾರನ್ನೇ ಮಾಡಿದರು. ಎಸ್‌ಎಸ್ ಎಂದಿದ್ದ ಕಂಪನಿಯ ಹೆಸರನ್ನು 1945ರಲ್ಲಿ ಲಯನ್ಸ್ ಕೈಬಿಟ್ಟರು. ಹಿಟ್ಲರನ ಎಸ್‌ಎಸ್ ಪಡೆ ಮಾಡಿದ ಕ್ರೌರ್ಯ ಕಂಡ ಜಗತ್ತಿನಲ್ಲಿ ಆ ಎರಡು ಅಕ್ಷರ ಹೊತ್ತ ಕಾರನ್ನು ಮಾರುವುದು ಸಾಧ್ಯವಿರಲಿಲ್ಲ. ಹೆಸರು ಬದಲಿಸಲು ಅದು ತಕ್ಕ ಕಾರಣ. ಹಾಗಾದರೆ 2024ರಲ್ಲಿ ಗ್ರೌಲರ್‌ಗೆ ಯಾವ ಕಳಂಕ ಅಂಟಿತ್ತು? ಈ ಪ್ರಶ್ನೆಗೆ ಕಂಪನಿ ಸರಿಯಾದ ಉತ್ತರ ಕೊಟ್ಟೇ ಇಲ್ಲ.

ಅಭಿಮಾನಿಗಳ ನೆನಪಿನಲ್ಲಿ ಇರುವುದೇನು ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಎಕ್ಸ್‌ಕೆ120 ಬಂತು. ಮರುವರ್ಷ ಬೆಲ್ಜಿಯಂನ ಯಬೆಕ್ ರಸ್ತೆಯಲ್ಲಿ ಅದು ಗಂಟೆಗೆ 213 ಕಿ.ಮೀ. ವೇಗ ಮುಟ್ಟಿತು. ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸನ್ನು ಜಾಗ್ವಾರ್ 1951ರಿಂದ 1957ರ ನಡುವೆ ಐದು ಸಲ ಗೆದ್ದಿತು. ಅದರಲ್ಲಿ 1953ರ ಗೆಲುವಿನ ಹಿಂದೆ ಡಿಸ್ಕ್ ಬ್ರೇಕ್ ಇತ್ತು. ಎದುರಾಳಿಗಳು ತಿರುವು ಬರುವ ಎಷ್ಟೋ ಮೊದಲೇ ಬ್ರೇಕ್ ಒತ್ತಬೇಕಾಗಿದ್ದರೆ, ಜಾಗ್ವಾರ್ ಚಾಲಕರು ತಿರುವಿನ ತೀರ ಹತ್ತಿರದವರೆಗೂ ವೇಗ ಇಳಿಸುತ್ತಿರಲಿಲ್ಲ. ಇಂದು ನಮ್ಮ ಬೀದಿಯ ಸಾಧಾರಣ ಬೈಕಿನಲ್ಲೂ ಇರುವ ಡಿಸ್ಕ್ ಬ್ರೇಕ್ ಜನರ ವಿಶ್ವಾಸ ಗಳಿಸಿದ ಕಥೆಯಲ್ಲಿ ಆ ರೇಸಿಗೆ ದೊಡ್ಡ ಪಾಲಿದೆ.

1961ರ ಮಾರ್ಚ್‌ನಲ್ಲಿ ಇ-ಟೈಪ್ ಜಿನೀವಾ ಪ್ರದರ್ಶನಕ್ಕೆ ಬಂತು. ಒಮ್ಮೆ ಕೂತು ಓಡಿಸಿ ನೋಡಬೇಕು ಎಂದವರ ಸಾಲು ಎಷ್ಟು ಬೆಳೆಯಿತೆಂದರೆ ಇದ್ದ ಕಾರು ಸಾಲದಾಯಿತು. ಕಾವೆಂಟ್ರಿಯಲ್ಲಿದ್ದ ಪರೀಕ್ಷಾ ಚಾಲಕ ನಾರ್ಮನ್ ಡೂಯಿಸ್‌ಗೆ ಲಯನ್ಸ್ ಕಡೆಯಿಂದ ಸಂದೇಶ ಹೋಯಿತು: ಕೈಯಲ್ಲಿರುವ ಕೆಲಸ ಬಿಟ್ಟು ಮೇಲ್ಛಾವಣಿ ತೆರೆಯುವ ಕಾರನ್ನು ತಕ್ಷಣ ತನ್ನಿ. ಡೂಯಿಸ್ ರಾತ್ರಿಯಿಡೀ ಓಡಿಸಿದರು. ಇಂಗ್ಲಿಷ್ ಕಡಲ್ಗಾಲುವೆ ದಾಟಿ, ಫ್ರಾನ್ಸ್ ಹಾದು, ಬೆಳಿಗ್ಗೆ ಪ್ರದರ್ಶನದ ಬಾಗಿಲು ತೆರೆಯುವ ಹೊತ್ತಿಗೆ ಜಿನೀವಾದಲ್ಲಿದ್ದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1996ರಲ್ಲಿ ಒಂದು ಇ-ಟೈಪನ್ನು ತನ್ನ ಕಾಯಂ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಇಂಥ ಬಾಳಿನ ಗುರುತು ಆ ಮುಖ. ಅದನ್ನು ಕಿತ್ತರೆ ಜನ ಸುಮ್ಮನಿರಬೇಕು ಎಂದು ಬಯಸುವುದು ಹೇಗೆ?

ಅಭಿಮಾನಿಗಳು ವಿದ್ಯುತ್ ಕಾರನ್ನು ವಿರೋಧಿಸುತ್ತಿದ್ದಾರೆ, ಅದಕ್ಕೇ ಈ ಗಲಾಟೆ ಎಂಬ ಮಾತು ಪದೇ ಪದೇ ಕೇಳಿಬಂತು. ಹೊಗೆ ಉಗುಳುವ ಎಂಜಿನ್ ಬಿಟ್ಟು ವಿದ್ಯುತ್ತಿಗೆ ಹೋಗುವ ಜಾಗ್ವಾರ್ ನಿರ್ಧಾರ ಸರಿಯಾದದ್ದೇ. 2021ರಲ್ಲೇ ಕಂಪನಿ ಅದನ್ನು ಹೇಳಿತ್ತು. ಆದರೆ ಅದಕ್ಕೂ ಮೊದಲೇ ಜಾಗ್ವಾರ್ ಒಂದು ಒಳ್ಳೆಯ ವಿದ್ಯುತ್ ಕಾರು ಮಾಡಿ ಮುಗಿಸಿತ್ತಲ್ಲ! 2018ರಲ್ಲಿ ಬಂದ ಐ-ಪೇಸ್ ಮರುವರ್ಷ ವಿಶ್ವದ ವರ್ಷದ ಕಾರು ಮತ್ತು ಯುರೋಪಿನ ವರ್ಷದ ಕಾರು ಎಂಬ ಎರಡೂ ಪ್ರಶಸ್ತಿ ಪಡೆಯಿತು. ಅದರ ಮುಂಭಾಗದ ನಡುವೆ ಗ್ರೌಲರ್ ಹಲ್ಲು ತೋರಿಸುತ್ತಲೇ ಇತ್ತು. 2018ರ ಮೇನಲ್ಲಿ ರಾಜಕುಮಾರ ಹ್ಯಾರಿ ತನ್ನ ಮದುವೆಯ ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಓಡಿಸಿದ ಇ-ಟೈಪ್ ಕೂಡ ಬ್ಯಾಟರಿಯಲ್ಲೇ ಓಡುವಂತೆ ಬದಲಿಸಿದ್ದು. ಟಿವಿಯಲ್ಲಿ ಅದನ್ನು ಕಂಡ ಲೋಕ ಮೆಚ್ಚಿಕೊಂಡಿತು. ಬ್ಯಾಟರಿಗೂ ಬಿಲ್ಲೆಗೂ ಜಗಳವಿಲ್ಲ.

ಎರಡನೆಯ ವಾದ ಮಾರಾಟದ್ದು. 2018ರಲ್ಲಿ ಸುಮಾರು 1.8 ಲಕ್ಷ ಕಾರು ಮಾರಿದ್ದ ಜಾಗ್ವಾರ್, 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸುಮಾರು 67 ಸಾವಿರಕ್ಕೆ ಇಳಿದಿತ್ತು. ಹಳೆಯ ಗುರುತು ಕಾರು ಮಾರಿಕೊಡಲಿಲ್ಲ, ಹಾಗಾಗಿ ಹೊಸದು ಬೇಕು ಎಂಬುದು ಈ ವಾದದ ತಿರುಳು. ಅಂಕಿ ನಿಜ, ತೀರ್ಮಾನ ತಪ್ಪು. ಬಿಎಂಡಬ್ಲ್ಯು, ಬೆಂಜ್, ಔಡಿ ಗಟ್ಟಿಯಾಗಿ ಕೂತಿದ್ದ ಅಂಗಳಕ್ಕೆ ಎಕ್ಸ್‌ಇ, ಇ-ಪೇಸ್ ಥರದ ಕಾರುಗಳನ್ನು ಇಳಿಸಿದ್ದು ಆಡಳಿತ. ಯುರೋಪಿನಲ್ಲಿ ಡೀಸೆಲ್ ಕಾರಿನ ಕಾಲ ಮುಗಿಯುತ್ತಿದ್ದಾಗ ಡೀಸೆಲನ್ನೇ ನೆಚ್ಚಿಕೊಂಡಿದ್ದು ಆಡಳಿತ. ಬಹುಪಾಲು ಸಿದ್ಧವಾಗಿದ್ದ ವಿದ್ಯುತ್ ಎಕ್ಸ್‌ಜೆ ಕಾರನ್ನು 2021ರಲ್ಲಿ ರದ್ದು ಮಾಡಿದ್ದೂ ಆಡಳಿತವೇ. ಕಾರು ಹಳತಾಗುತ್ತ ಹೋಯಿತು, ಹೊಸದು ಬರಲಿಲ್ಲ, ಕೊಳ್ಳುವವರು ಬೇರೆ ಕಡೆ ಹೋದರು. ಇದರಲ್ಲಿ ಮುಂಭಾಗದ ಬಿಲ್ಲೆಯ ಮೃಗ ಮಾಡಿದ ತಪ್ಪೇನು?

ಇಲ್ಲಿ ಟೀಕಾಕಾರರಿಗೂ ಒಂದು ಮಾತು ಹೇಳಲೇಬೇಕು. 2025ರ ಏಪ್ರಿಲ್‌ನಲ್ಲಿ ಯುರೋಪಿನಲ್ಲಿ ನೋಂದಣಿಯಾದ ಜಾಗ್ವಾರ್ ಕಾರುಗಳು ಬರೀ 49. ಹಿಂದಿನ ವರ್ಷ ಅದೇ ತಿಂಗಳು 1,961. ನೋಡಿ, ಹೊಸ ಲಾಂಛನದ ಫಲ ಎಂದು ಆ ಅಂಕಿಯನ್ನು ಎಲ್ಲೆಡೆ ಮೆರೆಸಲಾಯಿತು. ನಿಜಾಂಶವೆಂದರೆ ಆಗ ಅಲ್ಲಿ ಮಾರಲು ಕಾರೇ ಹೆಚ್ಚುಕಡಿಮೆ ಇರಲಿಲ್ಲ. ಹಳೆಯ ಮಾದರಿಗಳನ್ನು ಕಂಪನಿ ಬೇಕೆಂದೇ ನಿಲ್ಲಿಸಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಇಂಥ ಅರೆಸತ್ಯ ಅಭಿಮಾನಿಗಳ ಪಕ್ಷಕ್ಕೆ ಹಾನಿಯನ್ನೇ ಮಾಡಿತು. ವಿಡಿಯೊದಲ್ಲಿದ್ದ ರೂಪದರ್ಶಿಗಳ ಬಣ್ಣ, ಉಡುಪು, ನಡೆಯ ಬಗ್ಗೆ ಹೊಲಸು ಮಾತಾಡಿದವರು ಇನ್ನೂ ಹೆಚ್ಚು ಹಾನಿ ಮಾಡಿದರು. ಜಾಗ್ವಾರ್‌ನ ವ್ಯವಸ್ಥಾಪಕ ನಿರ್ದೇಶಕ ರಾಡನ್ ಗ್ಲೋವರ್ ಆ ದ್ವೇಷವನ್ನು ಖಂಡಿಸಿದ್ದು ನ್ಯಾಯ. ಆದರೆ ಆ ಗದ್ದಲದಲ್ಲಿ, ಗ್ಯಾರೇಜಿನಲ್ಲಿ ಹಳೆಯ ಎಕ್ಸ್‌ಜೆ6 ಇಟ್ಟುಕೊಂಡು, ಭಾನುವಾರ ಬಂದರೆ ಕಾರ್ಬ್ಯುರೇಟರ್ ಬಿಚ್ಚಿ ಕೂರುವ ಮನುಷ್ಯನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವನಿಗೆ ರೂಪದರ್ಶಿಗಳ ಮೇಲೆ ಯಾವ ಸಿಟ್ಟೂ ಇರಲಿಲ್ಲ. ತಾನು ಬದುಕಿನುದ್ದಕ್ಕೂ ಕಾಪಾಡಿಕೊಂಡು ಬಂದದ್ದಕ್ಕೆ ಬೆಲೆಯೇ ಇಲ್ಲವೇ ಎಂಬುದು ಅವನ ಸಂಕಟ.

ಬೆಲೆ ಇದೆ ಎಂದು ಹೇಳಿಕೊಟ್ಟದ್ದು ಇದೇ ಕಂಪನಿ. 1963ರಲ್ಲಿ ಹಗುರ ಮೈಯ 18 ಇ-ಟೈಪ್ ರೇಸ್ ಕಾರುಗಳಿಗೆ ಚಾಸಿ ಸಂಖ್ಯೆ ಮೀಸಲಿಟ್ಟಿದ್ದರೂ ತಯಾರಾದದ್ದು 12 ಮಾತ್ರ. ಉಳಿದ ಆರನ್ನು, ಅದೇ ಸಂಖ್ಯೆಗಳ ಮುಂದುವರಿಕೆಯಾಗಿ, 2014ರಲ್ಲಿ ಕಂಪನಿ ಕಟ್ಟಿಕೊಡಲು ಹೊರಟಿತು. 1957ರ ಫೆಬ್ರವರಿಯಲ್ಲಿ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿದ್ದು ಒಂಬತ್ತು ಎಕ್ಸ್‌ಕೆಎಸ್‌ಎಸ್ ಕಾರುಗಳು ಸುಟ್ಟುಹೋಗಿದ್ದವು. ಅವುಗಳ ಬದಲಿಗೆ ಒಂಬತ್ತನ್ನು ಹೊಸದಾಗಿ ಮಾಡುವುದಾಗಿ 2016ರಲ್ಲಿ ಸಾರಿತು. ಒಂದೊಂದರ ಬೆಲೆ ಹತ್ತು ಲಕ್ಷ ಪೌಂಡಿಗೂ ಮೇಲೆ. ಕೊಳ್ಳುವವರು ಕಾದು ನಿಂತಿದ್ದರು. ಹಿಂದಿನ ನೆನಪಿಗೆ ಇಷ್ಟು ದುಡ್ಡು ಹುಟ್ಟುತ್ತದೆಂದು ಗೊತ್ತಿದ್ದ ಕಂಪನಿ, ಎಂಟೇ ವರ್ಷದಲ್ಲಿ ಆ ನೆನಪನ್ನೇ ಹೊರೆ ಎಂದುಕೊಂಡಿತು.

ಯಾವುದನ್ನೂ ನಕಲು ಮಾಡಬೇಡ ಎಂಬುದು ಹೊಸ ಜಾಗ್ವಾರ್‌ನ ಘೋಷಣೆ. ಲಯನ್ಸ್ ಹೇಳುತ್ತಿದ್ದರೆಂದು ಕಂಪನಿಯೇ ಹೆಮ್ಮೆಯಿಂದ ನೆನೆಯುವ ಮಾತು ಅದು. ಆದರೆ ಲಯನ್ಸ್ ನಂಬಿದ್ದ ಇನ್ನೊಂದು ತತ್ವ ಈ ಯೋಜನೆಯಲ್ಲಿ ಎಲ್ಲೂ ಇಲ್ಲ. ಇ-ಟೈಪ್ ಬಂದಾಗ ಅದರ ಬೆಲೆ ಎರಡು ಸಾವಿರ ಪೌಂಡಿನ ಆಸುಪಾಸು. ಅದಕ್ಕೆ ಸಮನಾದ ಆಸ್ಟನ್ ಮಾರ್ಟಿನ್ ಅಥವಾ ಫೆರಾರಿ ಬೇಕೆಂದರೆ ಹೆಚ್ಚುಕಡಿಮೆ ಅದರ ಇಮ್ಮಡಿ ಅಥವಾ ಅದಕ್ಕೂ ಹೆಚ್ಚು ತೆರಬೇಕಿತ್ತು. ದುಬಾರಿ ಕಾರಿನ ಸೊಬಗನ್ನು ಡಾಕ್ಟರು, ವಕೀಲರ ಕೈಗೆಟುಕುವ ಬೆಲೆಗೆ ತಂದದ್ದು ಅವರ ಸಾಧನೆ. ಈಗ ಬರಲಿರುವ ನಾಲ್ಕು ಬಾಗಿಲ ವಿದ್ಯುತ್ ಕಾರು ಒಂದು ಲಕ್ಷ ಪೌಂಡ್ ದಾಟುತ್ತದೆ ಎಂದು ಕಂಪನಿಯೇ ಸೂಚಿಸಿದೆ. ಲಯನ್ಸ್‌ರ ಮಾತು ಬೇಕು, ಅವರ ಮಾರ್ಗ ಬೇಡ, ಅವರ ಗುರುತು ಬೇಡ ಎಂದರೆ ಉಳಿಯುವುದು ಹೆಸರೊಂದೇ.

ಹಳೆಯದನ್ನು ಹೊಸ ಕಾಲಕ್ಕೆ ಒಯ್ಯುವುದು ಹೇಗೆಂದು ನೋಡಲು ಇಂಗ್ಲೆಂಡಿನಿಂದ ದೂರ ಹೋಗಬೇಕಿಲ್ಲ. ಪಕ್ಕದ ಫ್ರಾನ್ಸಿನಲ್ಲಿ ರೆನೊ 1972ರ ತನ್ನ ಪುಟ್ಟ ರೆನೊ 5 ಕಾರನ್ನು ವಿದ್ಯುತ್ ಕಾರಾಗಿ ಮತ್ತೆ ತಂದಿತು. ಹಳೆಯದರ ಬಾನೆಟ್ ಮೇಲೆ ಗಾಳಿಕಿಂಡಿ ಇದ್ದ ಜಾಗದಲ್ಲಿ, ಹೊಸದರಲ್ಲಿ ಬ್ಯಾಟರಿ ಎಷ್ಟು ತುಂಬಿದೆ ಎಂದು ತೋರಿಸುವ ದೀಪ 5ರ ಆಕಾರದಲ್ಲಿ ಬೆಳಗುತ್ತದೆ. ಆ ಕಾರು 2025ರ ಯುರೋಪಿನ ವರ್ಷದ ಕಾರಾಯಿತು. ಚೀನಾದ ಕೆಲವು ಮಾದರಿಗಳಿಗಾಗಿ ಔಡಿ ಕೂಡ ಅದೇ 2024ರ ನವೆಂಬರ್‌ನಲ್ಲಿ ತನ್ನ ನಾಲ್ಕು ಉಂಗುರಗಳನ್ನು ಬಿಟ್ಟಿತು, ನಿಜ. ಆದರೆ ಉಳಿದ ಜಗತ್ತಿನಲ್ಲಿ ಉಂಗುರಗಳಿಗೆ ಕೈ ಹಚ್ಚಲಿಲ್ಲ.

ಈ ವಿವಾದ ಭಾರತೀಯರಿಗೆ ದೂರದ್ದೇನಲ್ಲ. 2008ರಲ್ಲಿ ಫೋರ್ಡ್‌ನಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರಿಗೆ ಕೊಂಡದ್ದು ಟಾಟಾ ಮೋಟಾರ್ಸ್. ಭಾರತದ ಕಂಪನಿ ಇಂಗ್ಲಿಷರ ಪರಂಪರೆಯನ್ನು ಹಾಳುಮಾಡುತ್ತದೆ ಎಂಬ ಅನುಮಾನ ಆಗ ಬ್ರಿಟನ್ನಿನಲ್ಲಿ ಇತ್ತು. ರತನ್ ಟಾಟಾ ಕಾಲದಲ್ಲಿ ಅದು ಸುಳ್ಳಾಯಿತು. ಇ-ಟೈಪ್‌ನ ವಾರಸುದಾರನೆನಿಸಿದ ಎಫ್-ಟೈಪ್ ಟಾಟಾ ಒಡೆತನದಲ್ಲೇ ಹುಟ್ಟಿತು. 2024ರಲ್ಲಿ ತಯಾರಾದ ಕಟ್ಟಕಡೆಯ ಎಫ್-ಟೈಪ್, ಹಸಿರು ಬಣ್ಣದ್ದು, ಮಾರಾಟಕ್ಕೆ ಹೋಗದೆ ಜಾಗ್ವಾರ್‌ನ ಪರಂಪರೆ ಕಾಯುವ ಟ್ರಸ್ಟ್ ಸೇರಿತು. ಇತ್ತ ನಮ್ಮಲ್ಲಿ ಅದೇ ಟಾಟಾ 2025ರ ನವೆಂಬರ್‌ನಲ್ಲಿ ಸಿಯೆರಾ ಹೆಸರನ್ನು ಮತ್ತೆ ತಂದಿತು. ಛಾವಣಿಯತ್ತ ಬಾಗಿದ, ಹಿಂಬದಿಯ ಪಕ್ಕದ ಗಾಜಿನಿಂದಲೇ ಜನ 1991ರ ಸಿಯೆರಾವನ್ನು ಗುರುತಿಸುತ್ತಿದ್ದರು. ಹೊಸದರಲ್ಲೂ ಆ ಗಾಜಿನ ನೆನಪು ತರುವ ವಿನ್ಯಾಸವಿದೆ. ಸಿಯೆರಾಗೆ ನೆನಪು ಬಂಡವಾಳವಾದರೆ ಜಾಗ್ವಾರ್‌ಗೆ ಅದು ಭಾರ ಹೇಗಾದೀತು?

ಕಾರ್ಖಾನೆ ಹೋದರೂ ಗುರುತು ಬದುಕುವ ಬಗೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಹೊಸ ಬೈಕಿಲ್ಲ, ಜಾಹೀರಾತಿಲ್ಲ, ಬಿಡಿಭಾಗವೂ ಸಿಗದ ಪರಿಸ್ಥಿತಿ. ಆದರೂ ಕಿಕ್ಕರನ್ನೇ ಮಡಚಿ ಗೇರ್ ಬದಲಿಸುವ ಅಲ್ಲಿನ ಜಾವಾ, ಯೆಜ್ಡಿ ಬೈಕುಗಳನ್ನು ಮೆಕ್ಯಾನಿಕ್‌ಗಳು ಮತ್ತು ಮಾಲೀಕರು ಸೇರಿ ಓಡುವ ಸ್ಥಿತಿಯಲ್ಲಿ ಇಟ್ಟರು. ಪ್ರತಿ ಜುಲೈನಲ್ಲಿ ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ದಿನ ಆಚರಿಸಿದರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬರಲು ನೆಲ ಹದವಾಗಿದ್ದರೆ ಅದಕ್ಕೆ ಈ ಜನ ಕಾರಣ. ಯೆಜ್ಡಿ ಎಂಬ ಹೆಸರು ಯಾರದ್ದು ಎಂಬ ಜಗಳ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. ಮುಚ್ಚಿದ ಕಾರ್ಖಾನೆಯ ಹೆಸರಿಗೆ ಅಷ್ಟು ಬೆಲೆ ಉಳಿಸಿಕೊಟ್ಟವರು ಹೊಸ ಬೈಕ್ ಕೊಳ್ಳದ, ಹಳೆಯದನ್ನೇ ತಿಕ್ಕಿ ತೊಳೆಯುತ್ತಿದ್ದ ಅಭಿಮಾನಿಗಳು. ಅಭಿಮಾನಿಗಳು ಹೊಸ ಕಾರು ಕೊಳ್ಳುವುದಿಲ್ಲ, ಅವರ ಮಾತೇಕೆ ಕೇಳಬೇಕು ಎನ್ನುವ ಜಾಗ್ವಾರ್ ಸಮರ್ಥಕರು ಮೈಸೂರಿನ ಈ ಕಥೆಯನ್ನು ಗಮನಿಸಬೇಕು.

2024ರ ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ ತೋರಿಸಿದ ಟೈಪ್ 00 ಎಂಬ ಮಾದರಿ ಕಾರು ಕೆಟ್ಟದಾಗಿಲ್ಲ. ಅದರ ಉದ್ದನೆಯ ಬಾನೆಟ್, ತಗ್ಗಿದ ಛಾವಣಿ ನೋಡಿದರೆ ಮಾಡಿದವರಿಗೆ ಧೈರ್ಯವಿದೆ ಎಂದು ತಿಳಿಯುತ್ತದೆ. ಅಂಥ ಕಾರಿನ ಮೂತಿಯ ಮೇಲೆ ಗ್ರೌಲರ್ ಇದ್ದಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

2025ರ ನವೆಂಬರ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್‌ನ ಮುಖ್ಯಸ್ಥರಾಗಿರುವವರು ಪಿ.ಬಿ. ಬಾಲಾಜಿ. ಟಾಟಾ ಮೋಟಾರ್ಸ್‌ನ ಲೆಕ್ಕಪತ್ರವನ್ನು ವರ್ಷಗಟ್ಟಲೆ ನೋಡಿಕೊಂಡವರು ಅವರು. ಯಾವುದು ಆಸ್ತಿ, ಯಾವುದು ಸಾಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವಿದ್ಯುತ್ ಯೋಜನೆ ಮುಂದುವರಿಯಲಿ, ಹೊಸ ವಿನ್ಯಾಸವೂ ಇರಲಿ. ಗ್ರೌಲರ್ ಮುಖವನ್ನು ಅದರ ಜಾಗಕ್ಕೆ ಅವರು ಮರಳಿಸಲಿ, ಲೀಪರ್‌ಗೆ ಕಾರಿನ ಮೇಲೆ ಎದ್ದು ಕಾಣುವ ಸ್ಥಾನ ಕೊಡಲಿ, ಮತ್ತು ಮುಂದಿನ ಹೆಜ್ಜೆ ಇಡುವ ಮೊದಲು ಜಾಗ್ವಾರ್ ಮಾಲೀಕರ ಕ್ಲಬ್‌ಗಳನ್ನು ಕರೆದು ಕೂರಿಸಿಕೊಂಡು ಅವರ ಮಾತು ಕೇಳಲಿ.