ಇಪ್ಪತ್ತೈದು ನಿಮಿಷದ ದಾರಿ

ದೂರ ಇಷ್ಟು, ವೇಗ ಇಷ್ಟು, ಹಾಗಾದರೆ ಹಿಡಿಯುವ ಹೊತ್ತೆಷ್ಟು? ಗಣಿತದ ಪುಸ್ತಕದಲ್ಲಿ ಈ ಲೆಕ್ಕ ಬಂದೇ ಬರುತ್ತದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 208 ಕಿ.ಮೀ. ಎ.ಟಿ.ಆರ್. 72 ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಭಾಗಿಸಿದರೆ 25 ನಿಮಿಷ.

ಆದರೆ 2020ರ ಡಿಸೆಂಬರ್‌ನಲ್ಲಿ ಅಲಯನ್ಸ್ ಏರ್ ಈ ಮಾರ್ಗದಲ್ಲಿ ಹಾರಾಟ ಆರಂಭಿಸಿದಾಗ ವೇಳಾಪಟ್ಟಿಯಲ್ಲಿ ಇದ್ದದ್ದು ಒಂದು ಗಂಟೆ. ಭಾಗಾಕಾರ ತಪ್ಪಿತೇ? ಇಲ್ಲ. ವೇಳಾಪಟ್ಟಿಯ ಹೊತ್ತು ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ. ಮುಗಿಯುವುದು ಅದು ಇನ್ನೊಂದು ಊರಲ್ಲಿ ಬಂದು ನಿಂತಾಗ. ರನ್‌ವೇವರೆಗೆ ನೆಲದ ಮೇಲೆ ಉರುಳಬೇಕು. ಮೇಲೇರುವಾಗ ಪೂರ್ಣ ವೇಗ ಇರದು. ಇಳಿಯುವಾಗ ವೇಗ ತಗ್ಗಿಸಿ, ರನ್‌ವೇಗೆ ನೇರವಾಗಲು ಸುತ್ತು ಹಾಕಬೇಕು. ಹಾರಾಟ ಚಿಕ್ಕದಾದಷ್ಟೂ ಈ ಹೆಚ್ಚುವರಿ ಹೊತ್ತಿನ ಪಾಲು ದೊಡ್ಡದು. ಬೆಂಗಳೂರಿನಿಂದ ದೆಹಲಿಗೆ ನೇರ ದೂರ ಸುಮಾರು 1,700 ಕಿ.ಮೀ. ದೂರ ಎಂಟು ಪಟ್ಟು, ಹೊತ್ತು ಮಾತ್ರ ಮೂರು ಪಟ್ಟಿನ ಒಳಗೆ! ಅಲ್ಲಿ ಹಾರುವುದು ಎ.ಟಿ.ಆರ್.ಗಿಂತ ವೇಗದ ಜೆಟ್, ಅದೂ ಒಂದು ಕಾರಣ.

ಇದೇ ಲೆಕ್ಕವನ್ನು ಕೊಡಗಿನ ಕಕ್ಕಬೆಯಿಂದ ಮಾಡಿ ನೋಡಿ. ಮಗಳಿಗೆ ಮಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎನ್ನಿ. ಆ ವಿಮಾನವನ್ನು ನೆಚ್ಚಿದ್ದರೆ ಆಕೆ ಮೂರು ನಾಲ್ಕು ಗಂಟೆ ಪೂರ್ವಕ್ಕೆ ಹೋಗಿ, ಮತ್ತೆ ತನ್ನ ಜಿಲ್ಲೆಯ ನೆತ್ತಿಯ ಮೇಲೆಯೇ ಪಶ್ಚಿಮಕ್ಕೆ ಹಾರಬೇಕಿತ್ತು. ಆ ನೇರ ಗೆರೆ ಹಾದುಹೋಗುವುದು ಮಡಿಕೇರಿಯ ಉತ್ತರಕ್ಕೆ. ಅದಕ್ಕಿಂತ ಮಡಿಕೇರಿಗೆ ಬಂದು ಸಂಪಾಜೆ, ಸುಳ್ಯ, ಪುತ್ತೂರು ಹಾದಿಯ ಬಸ್ಸು ಹತ್ತುವುದೇ ಮೇಲು.

ಕಕ್ಕಬೆಗೆ ತೀರ ಹತ್ತಿರದ ನಿಲ್ದಾಣವೆಂದರೆ ಕೇರಳದ ಕಣ್ಣೂರಿನದು. ಮಟ್ಟನ್ನೂರಿನಲ್ಲಿರುವ ಇದು 2018ರ ಡಿಸೆಂಬರ್ 9ರಂದು ತೆರೆಯಿತು. ಹಕ್ಕಿ ಹಾರಿದ ದಾರಿಯಲ್ಲಿ 40 ಕಿ.ಮೀ. ಆಸುಪಾಸು. ಆದರೆ ನಡುವೆ 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟಸಾಲಿದೆ! ವಾಹನಗಳು ವಿರಾಜಪೇಟೆಗೆ ಬಂದು ಮಾಕುಟ್ಟದ ಘಟ್ಟ ಇಳಿದು ಇರಿಟ್ಟಿಯ ಮೂಲಕವೇ ಹೋಗಬೇಕು. ದೂರ ಎರಡು ಪಟ್ಟು ಮೀರುತ್ತದೆ. ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ ಎಂಬುದನ್ನೂ ಇದಕ್ಕೆ ಕೂಡಿಸಿಕೊಳ್ಳಿ.

ಇನ್ನು ಮಳೆ. 2018ರ ಮಳೆಗಾಲದಲ್ಲಿ ಮಾಕುಟ್ಟದ ರಸ್ತೆಯೂ ಜೋಡುಪಾಲದ ಬಳಿ ಸಂಪಾಜೆ ಹೆದ್ದಾರಿಯೂ ಕುಸಿದು ಸಂಚಾರ ನಿಂತಿತ್ತು. ಮಕ್ಕಳು ಕೌನ್ಸೆಲಿಂಗ್, ಕಾಲೇಜು ಎಂದು ಓಡಾಡುವುದೂ ಬಹುಮಟ್ಟಿಗೆ ಇದೇ ತಿಂಗಳುಗಳಲ್ಲಿ. ಟಿಕೆಟ್ಟಿನ ಮೇಲಿನ ಗಂಟೆ ನೋಡಿ ಮನೆ ಬಿಡುವ ಹೊತ್ತು ಗೊತ್ತು ಮಾಡುವ ತಂದೆ-ತಾಯಿ, ಘಟ್ಟದ ಸ್ಥಿತಿಯನ್ನು ಹಿಂದಿನ ದಿನವೇ ವಿರಾಜಪೇಟೆಯಲ್ಲಿ ವಿಚಾರಿಸಿಕೊಳ್ಳಬೇಕು. ಬೆಳಗಿನ ವಿಮಾನವಾದರೆ ಘಟ್ಟ ಇಳಿದು ಮಟ್ಟನ್ನೂರಿನಲ್ಲಿ ರಾತ್ರಿ ತಂಗುವುದು ಕ್ಷೇಮ.